ಕಡ ತಂದ ಗಾಳಿ

ಸಂಕ್ರಾಂತಿ ಕಳೆದು ಬೆಳಗಿನ ಚಳಿಗೆ ಮೊದಲಿನ ಹಟ ಇರಲಿಲ್ಲ. ಊರಾಚೆಯ ದಿಬ್ಬದ ಮೇಲೆ ಸಗಣಿ ಸಾರಿಸಿದ ಕಣಗಳು ಅಂಗೈಯ ಹಾಗೆ ನುಣ್ಣಗೆ ಒಣಗಿದ್ದವು. ನಾನು ಎತ್ತುಗಳಿಗೆ ಉರುಳುಗಲ್ಲು ಕಟ್ಟಿ ರಾಗಿ ತೆನೆಯ ಮೇಲೆ ಸುತ್ತು ಹೊಡೆಸುತ್ತಿದ್ದೆ. ನನ್ನ ಹೆಂಡತಿ ಜ್ಞಾನಮ್ಮ ತುಳಿದು ಚಪ್ಪಟೆಯಾದ ಹುಲ್ಲನ್ನು ಕೊಡವಿ ಕೊಡವಿ ಒಂದು ಕಡೆ ಒಟ್ಟುತ್ತಿದ್ದಳು. ಪಕ್ಕದ ಕಣದಲ್ಲಿ ಕೆಂಚಮ್ಮಕ್ಕ ತನ್ನ ರಾಶಿಯ ಸುತ್ತ ಪೊರಕೆ ಆಡಿಸುತ್ತ, ತೀರಿಹೋದ ಗಂಡನನ್ನು ಬಯ್ಯುತ್ತಿದ್ದಳು. ಅದು ಹೊಸದು. ನಾನು ಕಂಡ ಹಾಗೆ ಆಕೆ ಊರಿನಲ್ಲಿ ಬಯ್ಯದೆ ಬಿಟ್ಟವನು ಎಂದರೆ ಆ ಗಿರಿಯಪ್ಪ ಒಬ್ಬನೇ ಆಗಿದ್ದ.

ಆ ಊರಿನಲ್ಲಿ ಗಾಳಿ ತಾನಾಗಿ ಬೀಸುವುದಿಲ್ಲ. ಒಲೆಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಅಂಗಳದಲ್ಲಿ ಹಚ್ಚಿಟ್ಟ ದೀಪ ಎಣ್ಣೆ ತೀರುವ ತನಕ ಮಿಸುಕುವುದಿಲ್ಲ. ಗಾಳಿಪಟ ಎಂದರೆ ಏನೆಂದು ಮಕ್ಕಳಿಗೆ ಗೊತ್ತಿಲ್ಲ. ಸುಗ್ಗಿಯಲ್ಲಿ ರಾಶಿ ತೂರುವ ಹೊತ್ತಿಗೆ ಒಂದೊಂದು ಮನೆಯವರೂ ದಿಬ್ಬದ ತುದಿಯ ಕೂಗುಬಂಡೆ ಹತ್ತಿ, ತಾವು ನಂಬಿದವರ ಹೆಸರು ಹಿಡಿದು, ಎಲ್ಲರಿಗೂ ಕೇಳುವ ಹಾಗೆ ತಮ್ಮ ಗಾಳಿಯನ್ನು ಕರೆಯಬೇಕು. ಕರೆದವರ ಕಣಕ್ಕೆ ಗಾಳಿ ಬರುತ್ತದೆ. ಒಂದು ಮನೆಗೆ ಒಂದು ಸುಗ್ಗಿಗೆ ಒಂದೇ ಸಲ. ಯಾರ ಗಾಳಿ ಯಾವತ್ತು ಎಂದು ಕೇಳಿಕೊಂಡು ಹೆಂಗಸರು ಕಂಬಳಿ, ಕೌದಿ ಒಗೆಯುತ್ತಾರೆ.

ಒಬ್ಬರ ಗಾಳಿಯ ಹಾಗೆ ಇನ್ನೊಬ್ಬರದಿಲ್ಲ. ನಿಂಗೇಗೌಡರು ಬೆಟ್ಟದ ರಂಗಯ್ಯನನ್ನು ಕರೆದರೆ ಬರುವ ಗಾಳಿಗೆ ರುಮಾಲು ಹಾರಿಹೋಗುತ್ತದೆ. ಕ್ಷೌರದ ಮುದ್ದಯ್ಯ ಕರೆಯುವುದು ತೀರಿಹೋದ ತನ್ನ ಅವ್ವನನ್ನು. ಆ ಗಾಳಿಯಲ್ಲಿ ನಶ್ಯದ ವಾಸನೆ ಇರುತ್ತದೆ, ಕಣದಲ್ಲಿದ್ದವರೆಲ್ಲ ಸೀನುತ್ತಾರೆ. ಪುಟ್ಟಸ್ವಾಮಿ ಮೇಷ್ಟ್ರಿಗೆ ಯಾವ ದೇವರಲ್ಲೂ ನಂಬಿಕೆಯಿಲ್ಲ. ಅವರು ಬಂಡೆ ಹತ್ತಿ ತಮ್ಮ ಎರಡು ತೋಳುಗಳನ್ನೇ ಹೆಸರು ಹಿಡಿದು ಕರೆಯುತ್ತಾರೆ. ಎಳ್ಳು ತೂರಲು ಸಾಕಾಗುವಷ್ಟು ಗಾಳಿ ಬರುತ್ತದೆ. ಮೇಷ್ಟ್ರು ಅದಕ್ಕೇ ಎಳ್ಳನ್ನು ಬಿಟ್ಟು ಬೇರೇನೂ ಬೆಳೆಯುವುದಿಲ್ಲ. ಕೆಂಚಮ್ಮಕ್ಕ ಕರೆಯುತ್ತಿದ್ದದ್ದು ಗಿರಿಯಪ್ಪನನ್ನು. ಎಂಥ ಗಾಳಿ ಅದು. ಹದವಾಗಿ, ಹೇಳಿದ ಮಾತು ಕೇಳಿಕೊಂಡು ಬೀಸುತ್ತಿತ್ತು. ಬದುಕಿದ್ದಾಗಲೂ ಗಿರಿಯಪ್ಪ ಹಾಗೇ ಇದ್ದ ಎಂದು ಆಕೆ ಹೇಳಿಕೊಳ್ಳುತ್ತಿದ್ದಳು.

ನಾವಿಬ್ಬರು ಆ ಊರಿಗೆ ಹೊರಗಿನಿಂದ ಬಂದವರು. ಬೆಳೆಯಲ್ಲಿ ಅರ್ಧ ಕೊಡುವ ಮಾತಿನ ಮೇಲೆ ನಿಂಗೇಗೌಡರ ಹೊಲ ಮಾಡಲು ಬಂದಿದ್ದೆವು. ಬಂದ ದಿನ ಗೌಡರು ಜಗಲಿಯ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತ, "ಯಾವ ದೇವರ ಒಕ್ಕಲಪ್ಪ ನೀವು" ಎಂದರು. ಊಟ ಆಯ್ತಾ ಎಂದು ಕೇಳುವ ಹಾಗೆ ಸಲೀಸಾಗಿ ಕೇಳಿದ್ದರು. ನನ್ನ ಜೇಬಿನಲ್ಲಿ ಜಪಸರ ಇತ್ತು. ಹಿಂದಿನ ಊರಿನಲ್ಲಿ ಇದೇ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟು ಉತ್ತ ಹೊಲ ಬಿಟ್ಟುಬಂದದ್ದು ನೆನಪಾಯಿತು. "ದೊಡ್ಡವನು ಒಬ್ಬನೇ ಅಲ್ವಾ ಗೌಡ್ರೇ" ಎಂದುಬಿಟ್ಟೆ. "ಅದೂ ಸರಿಯೇ" ಎಂದು ಗೌಡರು ಎಲೆಯನ್ನು ಬಾಯಿಗಿಟ್ಟುಕೊಂಡರು. ಹೊಲ ಸಿಕ್ಕಿತು. ಜಪಸರ ಜೇಬಿನಿಂದ ಅಕ್ಕಿಯ ಮಡಕೆಗೆ ಹೋಯಿತು.

ನನ್ನ ಹೆಸರು ರಾಯಪ್ಪ. ಎಲ್ಲ ಕೇರಿಯಲ್ಲೂ ನಡೆಯುವ ಹೆಸರು. ನಮ್ಮ ಕ್ರೈಸ್ತರಲ್ಲಿ ಅದು ಸಂತ ಪೇತ್ರರ ಹೆಸರು, ಯೇಸುಸ್ವಾಮಿಯನ್ನು ಹಿಡಿದುಕೊಂಡು ಹೋದಾಗ ಅಂಗಳದಲ್ಲಿ ಚಳಿ ಕಾಯಿಸುತ್ತ ಕೂತು, ಆತ ಯಾರೋ ನನಗೆ ಗೊತ್ತಿಲ್ಲ ಎಂದು ಕೋಳಿ ಕೂಗುವುದರೊಳಗೆ ಮೂರು ಸಲ ಹೇಳಿದವರದು. ಹೆಸರಿಟ್ಟ ನಮ್ಮಪ್ಪನಿಗೆ ಮುಂದೆ ಏನಾಗುತ್ತದೆಂದು ಗೊತ್ತಿತ್ತೇನೋ ಎಂದು ಜ್ಞಾನಮ್ಮ ಆಗಾಗ ಹೇಳುವುದುಂಟು.

ಮೊದಲ ಸುಗ್ಗಿಯಲ್ಲಿ ನನ್ನ ಸರದಿ ಬಂತು. ಜ್ಞಾನಮ್ಮ ಸೆರಗು ಸಿಕ್ಕಿಸಿ ತಾನು ಹತ್ತುತ್ತೇನೆ ಎಂದಳು. ಇವಳು ಹತ್ತಿದರೆ ಇದ್ದದ್ದನ್ನು ಇದ್ದಹಾಗೆ ಕೂಗಿಬಿಡುತ್ತಾಳೆ ಎಂದು ನಾನೇ ಓಡಿ ಹತ್ತಿದೆ. ಮೊದಲು ಬಂಡೆ ಹತ್ತಿದವರೇ ಆ ಮನೆಗೆ ಕೊನೆಯವರೆಗೂ ಗಂಟಲು, ಬೇರೆಯವರು ಕರೆಯುವಂತಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಗೌಡರು ಕೂಗಿದ ಹಾಗೆಯೇ ಬೆಟ್ಟದ ರಂಗಯ್ಯನ ಹೆಸರು ಹಿಡಿದು ಕೂಗಿದೆ. ರಂಗಯ್ಯ ದೊಡ್ಡವರೇ, ಆದರೆ ಅವರಿಗೂ ನನಗೂ ಗುರುತಿರಲಿಲ್ಲ. ಒಂದು ಹೊಟ್ಟಿನ ಎಳೆಯೂ ಅಲುಗಲಿಲ್ಲ. ಕೆಳಗೆ ನಿಂತವರು ಮುಖ ಮುಖ ನೋಡಿಕೊಂಡರು. ನನಗೆ ತೋಚಿದ್ದು ಒಂದೇ. ಕೆಮ್ಮಿದೆ. "ಗಂಟಲು ಸರಿ ಇಲ್ಲ" ಎಂದೆ.

ಎಲ್ಲರೂ ನಂಬಿದರು. ನಂಬದವನ ಹೆಸರು ಹಿಡಿದು ಒಬ್ಬ ಮನುಷ್ಯ ಕೂಗಬಹುದು ಎನ್ನುವುದು ಆ ಊರಿನವರಿಗೆ ಹೊಳೆಯುವುದೇ ಇಲ್ಲ. ತನ್ನ ಮಗುವನ್ನು ಊಟಕ್ಕೆ ಕರೆಯಬೇಕಾದವನು ಪಕ್ಕದ ಮನೆ ಮಗುವಿನ ಹೆಸರು ಕೂಗುತ್ತಾನೆಯೇ. ಹಾಗಾಗಿ ದೋಷ ಗಂಟಲಿನದೇ ಎಂದು ತೀರ್ಮಾನವಾಯಿತು. ಅವತ್ತಿನಿಂದ ಶುರುವಾಯಿತು ನನ್ನ ಗಂಟಲಿನ ಸೇವೆ. ಗೌಡರ ಮನೆಯಿಂದ ಜೇನು ಬಂತು. ಮುದ್ದಯ್ಯ ಯಾವುದೋ ಸೊಪ್ಪು ಅರೆದು ಕುತ್ತಿಗೆಗೆ ಬಟ್ಟೆ ಸುತ್ತಿದ. ಮೇಷ್ಟ್ರು ಬ್ಯಾಟರಿ ಬಿಟ್ಟು ನೋಡಿ, ಕೆಂಪಗಿದೆ, ಜಾಸ್ತಿ ಮಾತಾಡಬೇಡ ಎಂದರು. ನಾನು ನಾಲ್ಕು ಜನರ ನಡುವೆ ಗೊಗ್ಗರು ದನಿಯಲ್ಲಿ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಹೊಲದಲ್ಲಿ ಒಬ್ಬನೇ ಇದ್ದಾಗ ಮಾತ್ರ ಪೂಜೆಯ ಹಾಡುಗಳನ್ನು ಎತ್ತುಗಳಿಗೆ ಕೇಳಿಸುವ ಹಾಗೆ ಬಾಯಿಬಿಟ್ಟು ಹಾಡುತ್ತಿದ್ದೆ. ಎತ್ತುಗಳು ಯಾರಿಗೂ ಹೇಳಲಿಲ್ಲ.

ಆ ವರ್ಷ ನನ್ನ ರಾಶಿ ಉಳಿಸಿದವಳು ಕೆಂಚಮ್ಮಕ್ಕ. ಗಾಳಿ ಕರೆದವರು ಸೆರಗನ್ನೋ ಟವಲನ್ನೋ ಬೀಸಿ, ಅತ್ತ ಹೋಗು ಎಂದರೆ ಅದು ಪಕ್ಕದ ಕಣಕ್ಕೂ ಹೋಗುತ್ತದೆ. ತನ್ನ ತೂರಾಟ ಮುಗಿಸಿ ಆಕೆ ಗಿರಿಯಪ್ಪನ ಗಾಳಿಯ ಬಾಲವನ್ನು ನನ್ನ ಕಡೆ ತಿರುಗಿಸಿದಳು. ಬದಲಿಗೆ ರಾಗಿ ಕೊಡಲು ಹೋದರೆ ಮೊರ ಎತ್ತಿ ಹೊಡೆಯಲು ಬಂದಳು. ಕಡ ತಂದ ಗಾಳಿಯನ್ನು ಗಾಳಿಯಾಗಿಯೇ ತೀರಿಸಬೇಕು, ಅದು ಅಲ್ಲಿನ ಕಟ್ಟುಪಾಡು. "ಗಂಟಲು ವಾಸಿ ಆದ್ಮೇಲೆ ಕೊಡುವಂತೆ ಬಿಡು" ಎಂದಳು. ಮುಂದಿನ ಸುಗ್ಗಿಗೂ ಅದೇ ಕಥೆ, ಅದರ ಮುಂದಿನದಕ್ಕೂ ಅದೇ.

ಭಾನುವಾರ ನಾವು ಗುಡ್ಡದಾಚೆಯ ಪೇಟೆಯ ಚರ್ಚಿಗೆ ಪೂಜೆಗೆ ಹೋಗುತ್ತಿದ್ದೆವು. ಸಂತೆಗೆ ಹೋಗುತ್ತೇವೆ ಎಂದು ಹೇಳುತ್ತಿದ್ದುದರಿಂದ ಊರಿನವರು ಒಬ್ಬೊಬ್ಬರೂ ಒಂದೊಂದು ಸಾಮಾನು ಹೇಳಿ ಕಳಿಸುವರು. ಪಾದ್ರಿ ಸ್ವಾಮಿಗಳು ಪ್ರಸಂಗ ಹೇಳುವಾಗ ನಾನು ಮುದ್ದಯ್ಯನ ಹೊಗೆಸೊಪ್ಪು, ಗೌಡತಿಯ ಒಣಮೀನು, ಮೇಷ್ಟ್ರ ಶಾಯಿ ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿರುತ್ತಿದ್ದೆ. ಕ್ರಿಸ್ಮಸ್ಸಿಗೆ ಜ್ಞಾನಮ್ಮ ಕಜ್ಜಾಯ ಸುಟ್ಟು ಮನೆಮನೆಗೂ ಬೀರುವಳು. ಏನು ವಿಶೇಷ ಎಂದವರಿಗೆ ನಾನು, ನಮ್ಮತ್ತೆ ಹುಟ್ಟಿದ ದಿನ ಎಂದು ಹೇಳಿಬಿಟ್ಟಿದ್ದೆ. ಅತ್ತೆಯ ಹುಟ್ಟಿದ ದಿನವನ್ನು ಇಷ್ಟು ಪ್ರೀತಿಯಿಂದ ಮಾಡುವ ಅಳಿಯನನ್ನು ಕಂಡಿಲ್ಲ ಎಂದು ಊರೆಲ್ಲ ಹೊಗಳಿತು.

ಹೀಗೆ ನಡೆದುಹೋಗುತ್ತಿತ್ತು. ಈ ಸುಗ್ಗಿಗೆ ಸ್ವಲ್ಪ ಮುಂಚೆ ದೂರದ ಊರಿನಿಂದ ಒಬ್ಬಳು ಹೆಂಗಸು, ಮದುವೆಯ ವಯಸ್ಸಿಗೆ ಬಂದ ಮಗಳೊಂದಿಗೆ ಕೆಂಚಮ್ಮಕ್ಕನ ಮನೆ ಹುಡುಕಿಕೊಂಡು ಬಂದಳು. ಏನೂ ಹೇಳಬೇಕಾಗಿರಲಿಲ್ಲ. ಹುಡುಗಿಯ ಮೂಗು ನೋಡಿದರೆ ಸಾಕಿತ್ತು, ಗೋಡೆಯ ಮೇಲಿನ ಪಟದಲ್ಲಿದ್ದ ಗಿರಿಯಪ್ಪನದೇ. ಆ ಹೆಂಗಸಿಗೂ ಈ ಮನೆಯೊಂದು ಇರುವುದು ಅವನು ಸತ್ತ ಮೇಲೆಯೇ ತಿಳಿದದ್ದಂತೆ. ಕೆಂಚಮ್ಮಕ್ಕ ಇಬ್ಬರಿಗೂ ಮುದ್ದೆ ಬಡಿಸಿದಳು, ಹುಡುಗಿಯ ತಲೆಗೆ ಹೂವು ಮುಡಿಸಿದಳು, ಊರ ಬಾಗಿಲ ತನಕ ಹೋಗಿ ಕಳಿಸಿ ಬಂದಳು. ಬಂದವಳೇ ಪಟವನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿದಳು.

ಅವತ್ತು ಬೆಳಗ್ಗೆ ಕಣದಲ್ಲಿ ಆಕೆ ಗಂಡನನ್ನು ಬಯ್ಯುತ್ತಿದ್ದದ್ದು ಅದಕ್ಕೆ. ಬೇರೆ ಎಲ್ಲರ ರಾಶಿ ಮನೆ ಸೇರಿತ್ತು. ನನ್ನ ತೆನೆ ತುಳಿದು ಮುಗಿಯಲಿ ಎಂದು ಕಾಯುವವಳಾದ್ದರಿಂದ ಆಕೆಯದು ಯಾವಾಗಲೂ ಕೊನೆ. ಬಿಸಿಲೇರುವ ಹೊತ್ತಿಗೆ ಮೂಡಲ ಕಡೆ ಮೋಡ ಕಪ್ಪಗೆ ಎದ್ದಿತು. ಅಲ್ಲಿನ ಮೋಡಗಳು ಗಾಳಿಯಿಲ್ಲದೆಯೂ ಬರುತ್ತವೆ, ಹೇಗೆಂದು ಯಾರೂ ವಿಚಾರಿಸಿಲ್ಲ. ತೂರದ ರಾಗಿಯ ಮೇಲೆ ಮಳೆ ಬಿದ್ದರೆ ಹೊಟ್ಟೂ ಕಾಳೂ ಮೆತ್ತಿಕೊಂಡು ಮೊಳೆತುಹೋಗುತ್ತದೆ. ಆಕೆಯ ವರ್ಷದ ಹಿಟ್ಟು ಅದು. ಸುದ್ದಿ ಕೇಳಿ ಜನ ದಿಬ್ಬ ಹತ್ತಿ ಬಂದರು.

ಕೆಂಚಮ್ಮಕ್ಕ ಕೂಗುಬಂಡೆ ಹತ್ತಿ ನಿಂತಳು. "ಗಿರಿಯಪ್ಪಾ" ಎಂದಳು. ಅಷ್ಟಕ್ಕೇ ದನಿ ನಿಂತುಹೋಯಿತು. ಹೊಟ್ಟು ಅಲುಗಲಿಲ್ಲ. ಸೊಂಟಕ್ಕೆ ಕೈಕೊಟ್ಟು, "ಲೋ ಕಳ್ಳ ಗಿರಿಯ" ಎಂದು ಕೂಗಿದಳು. ಎಲ್ಲಿಂದಲೋ ಪುಟ್ಟ ಸುಂಟರಗಾಳಿಯೊಂದು ಬಂದು ಆಕೆಯ ಮುಖಕ್ಕೆ ಒಂದು ಹಿಡಿ ಹೊಟ್ಟು ಎರಚಿ ಹಾಗೇ ಅಡಗಿತು.

"ಬಂದಿದ್ದ ಕಣಕ್ಕ," ಎಂದ ಮುದ್ದಯ್ಯ. "ಮುಖ ತೋರ್ಸೋಕೆ ಆಗ್ದೆ ಓಡೋದ."

ಯಾರೂ ನಗಲಿಲ್ಲ. ಆಕೆ ಇಳಿದು, ಮುಖ ಒರೆಸಿಕೊಂಡು, ನೇರವಾಗಿ ನನ್ನ ಕಣಕ್ಕೆ ಬಂದಳು.

"ಲೋ ರಾಯಪ್ಪ, ಮೂರು ಸುಗ್ಗಿ ನನ್ನ ಗಾಳೀಲಿ ತೂರ್ಕೊಂಡೆ. ಈಗ ನೀನು ಕೊಡು. ಊರಲ್ಲಿ ಕರೀದೆ ಉಳಿದಿರೋದು ನಿನ್ನ ಮನೆ ಗಾಳಿ ಒಂದೇಯ."

"ಅಕ್ಕ, ಗಂಟಲು..."

"ಗಂಟಲು ಹರ್ಕೊಂಡಾದ್ರೂ ಕೂಗು. ನಾನು ಯಾವತ್ತಾದ್ರೂ ಕೇಳಿದ್ನಾ? ಇವತ್ತು ಕೇಳ್ತಾ ಇದೀನಿ."

ಆಕೆಯ ಕೆನ್ನೆಯ ಮೇಲೆ ಇನ್ನೂ ಒಂದೆರಡು ಹೊಟ್ಟಿನ ಎಳೆ ಅಂಟಿಕೊಂಡಿದ್ದವು. ನಾನು ಎತ್ತು ಬಿಚ್ಚುವ ನೆಪದಲ್ಲಿ ಗಾಡಿಯ ಮರೆಗೆ ಹೋದೆ. ಜ್ಞಾನಮ್ಮ ಹಿಂದೆಯೇ ಬಂದಳು.

"ಕೂಗಿದ್ರೆ ಹೊಲ ಹೋಗ್ತದೆ," ಎಂದೆ. "ಗೌಡರು ಅಲ್ಲೇ ನಿಂತವ್ರೆ ನೋಡು."

"ಹೋದ್ರೆ ಇನ್ನೊಂದು ಊರು. ನಾನೇ ಹತ್ತಿಬಿಡ್ತಿದ್ದೆ, ಆದ್ರೆ ಮನೆ ಗಂಟಲು ನೀನಾಗಿ ಕೂತಿದೀಯಲ್ಲ."

"ಇಷ್ಟು ದಿನ ಮುಚ್ಚಿಟ್ಟು ಈಗ ಹೇಳಿದ್ರೆ ಇನ್ನೂ ಕೆಟ್ಟದು. ಮೋಸಗಾರ ಅಂತಾರೆ."

"ಅಂತಾರೆ," ಎಂದಳು ಅವಳು, ನನ್ನ ಕುತ್ತಿಗೆಗೆ ಸುತ್ತಿದ್ದ ಬಟ್ಟೆಯ ಗಂಟು ಬಿಚ್ಚುತ್ತ. "ಅನ್ನಿಸ್ಕೊ. ನಿನ್ನ ಹೆಸರಿನ ಸಂತರು ಒಂದೇ ರಾತ್ರೀಲಿ ಮುಗಿಸಿದ್ರು, ನೀನು ಮೂರು ಸುಗ್ಗಿ ತಗೊಂಡೆ. ಅವರು ಕೋಳಿ ಕೂಗಿದ್ಮೇಲೆ ಹೊರಗೆ ಹೋಗಿ ಅತ್ತರು. ನೀನು ಕೂತ್ಕೊಂಡು ಜೇನು ತಿಂದೆ."

ಬಟ್ಟೆಯನ್ನು ಗಾಡಿಯ ಮೂಕಿಗೆ ಹಾಕಿ ಹೊರಟೆ.

ಬಂಡೆಯ ಮೇಲೆ ನಿಂತರೆ ಊರು ಪೂರಾ ಕಾಣುತ್ತದೆ. ಹೆಂಚಿನ ಮನೆಗಳು, ನೆಟ್ಟಗೆ ನಿಂತ ಹೊಗೆ, ಕೆರೆಯ ಏರಿ, ಅದರಾಚೆ ನಾನು ನಾಲ್ಕು ವರ್ಷ ಉತ್ತು ಗೊಬ್ಬರ ಹಾಕಿ ಹದಕ್ಕೆ ತಂದ ಹೊಲ. ಅದನ್ನು ನೋಡಿದ್ದೇ ತಪ್ಪಾಯಿತು. ಬಾಯಲ್ಲಿ ಬಂದದ್ದು ಬರೀ "ಸ್ವಾಮೀ" ಎಂದು. ಯಾರು ಬೇಕಾದರೂ ತಮ್ಮವರೆಂದುಕೊಳ್ಳಲಿ ಎನ್ನುವ ಹಾಗೆ.

ಏನೂ ಆಗಲಿಲ್ಲ.

"ಯಾವ ಸ್ವಾಮಿ ಅಂತ ಬಿಡಿಸಿ ಹೇಳಯ್ಯ," ಎಂದರು ಕೆಳಗಿನಿಂದ ಪುಟ್ಟಸ್ವಾಮಿ ಮೇಷ್ಟ್ರು. "ನಾನೂ ಒಬ್ಬ ಇದೀನಿ. ನನ್ನನ್ನ ಕರೆದ್ರೆ ಗಾಳಿ ತರೋಕೆ ಆಗಲ್ಲ."

ಜನ ನಕ್ಕರು. ನನಗೂ ನಗು ಬಂತು. ಕೆಂಚಮ್ಮಕ್ಕ ಮಾತ್ರ ನಗದೆ, ಮೊರ ತುಂಬಿಕೊಂಡು ತೂರುವ ಮಣೆಯ ಮೇಲೆ ಹತ್ತಿ ನಿಂತಿದ್ದಳು. ಬರುವುದೇ ಇಲ್ಲದ ಗಾಳಿಗೆ ಆಕೆ ಆಗಲೇ ಮೊರ ಎತ್ತಿ ಹಿಡಿದಿದ್ದಳು. ನಾನು ಹೊಲದಲ್ಲಿ ಎತ್ತುಗಳಿಗೆ ಹಾಡುವ ದನಿಯನ್ನು ತೆಗೆದೆ.

"ಯೇಸುಸ್ವಾಮಿ," ಎಂದು ಕೂಗಿದೆ. "ನಾನು ರಾಯಪ್ಪ, ನಿನ್ನವನು. ನಾನೂ ನನ್ನ ಹೆಂಡ್ತೀನೂ ನಿನ್ನ ಒಕ್ಕಲು, ನಮ್ಮಪ್ಪ ತಾತನ ಕಾಲದಿಂದ. ಈ ಊರಲ್ಲಿ ಯಾರಿಗೂ ಹೇಳಿರಲಿಲ್ಲ, ಹೆದರಿಕೆ ಆಗಿತ್ತು. ಗಂಟಲಿಗೆ ಏನೂ ಆಗಿರಲಿಲ್ಲ. ಭಾನುವಾರ ನಾವು ಹೋಗ್ತಿದ್ದದ್ದು ನಿನ್ನ ಗುಡಿಗೆ, ಸಂತೆ ಆಮೇಲೆ. ಬಡವರ ಜೊತೆ ಉಂಡವನು ನೀನು, ಸತ್ತು ಎದ್ದವನು, ನಾನು ನಂಬಿರೋದು ನಿನ್ನನ್ನೇ. ಕೆಂಚಮ್ಮಕ್ಕನ ರಾಗಿ ಕಣದಲ್ಲಿ ಬಿದ್ದೈತೆ, ಮಳೆ ಬರ್ತಾ ಐತೆ. ಬಾ."

ಎಷ್ಟೋ ದಿನದ ಮೇಲೆ ಜನರ ಮುಂದೆ ನನ್ನ ದನಿ ನನಗೇ ಕೇಳಿಸಿತು. ಕೆರೆ ಏರಿಗೆ ತಗುಲಿ ವಾಪಸು ಬಂತು. ಆಮೇಲೆ ಗೌಡರ ಮನೆಯ ಹೊಗೆ ಮೆಲ್ಲಗೆ ಒಂದು ಕಡೆಗೆ ಬಾಗಿತು. ಅದರ ಪಕ್ಕದ ಮನೆಯದು ಬಾಗಿತು. ದಿಬ್ಬದ ಕೆಳಗಿನ ಹುಣಸೆಮರ ಅಲುಗಿತು. ಕೆಲಸ ಮುಗಿಸಿ ಹೊಲದಿಂದ ನಡೆದುಬರುವವನ ಹಾಗೆ, ಅವಸರವಿಲ್ಲದೆ, ಗಾಳಿ ದಿಬ್ಬ ಹತ್ತಿ ಬಂತು.

ದೊಡ್ಡ ಗಾಳಿಯೇನಲ್ಲ. ರುಮಾಲು ಹಾರಲಿಲ್ಲ. ಆದರೆ ಬಿಟ್ಟು ಬಿಟ್ಟು ಬೀಸುವುದಾಗಲಿ, ಸುಳಿ ತಿರುಗುವುದಾಗಲಿ ಇರಲಿಲ್ಲ. ಮೇಣದ ಬತ್ತಿಯ ವಾಸನೆ ಇತ್ತು ಎಂದು ಜ್ಞಾನಮ್ಮ ಹೇಳುತ್ತಾಳೆ. ನನ್ನ ಮೂಗಿಗೆ ಬಂದದ್ದು ರಾಗಿ ಹೊಟ್ಟು. ನಾನು ಬಂಡೆಯಿಂದ ಧುಮುಕಿ, ಹೆಗಲ ಟವಲು ತೆಗೆದು, ಅತ್ತ ಎಂದು ಬೀಸಿದೆ. ಕೆಂಚಮ್ಮಕ್ಕ ಮೊರ ಓರೆ ಮಾಡಿದಳು. ಕಾಳು ನೆಟ್ಟಗೆ ಕೆಳಗಿಳಿಯಿತು, ಹೊಟ್ಟು ಹೊಗೆಯ ಹಾಗೆ ದೂರ ತೇಲಿತು. ಮುದ್ದಯ್ಯ ಕುಕ್ಕೆಯಲ್ಲಿ ತುಂಬಿ ತುಂಬಿ ಎತ್ತಿಕೊಟ್ಟ, ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಪೊರಕೆ ಹಿಡಿದರು. ಆಕೆಯ ರಾಶಿ ಮುಗಿದಾಗ ಗಾಳಿಯ ಬಾಲ ಇನ್ನೂ ಉಳಿದಿತ್ತು. ನನ್ನದೇ ಗಾಳಿಯಲ್ಲಿ ನನ್ನದೇ ರಾಗಿಯನ್ನು ಮೊದಲ ಸಲ ತೂರಿದೆ. ಎರಡೂ ರಾಶಿಗೆ ಟಾರ್ಪಾಲು ಎಳೆಯುವಷ್ಟರಲ್ಲಿ ಹನಿ ದಪ್ಪಗೆ ಬಿತ್ತು. ಎಲ್ಲರೂ ಹುಣಸೆಮರದ ಬುಡಕ್ಕೆ ಓಡಿದೆವು.

ಅಲ್ಲಿ ಒತ್ತಿಕೊಂಡು ನಿಂತಾಗ ಮುದ್ದಯ್ಯನೇ ಮೊದಲು ಬಾಯಿಬಿಟ್ಟ. "ಹಂಗಾದ್ರೆ ಗಂಟಲಿಗೆ ಏನೂ ಆಗಿರಲಿಲ್ವಾ?"

"ಇಲ್ಲ ಕಣಣ್ಣ."

"ನಾನು ಗುಡ್ಡ ಎಲ್ಲಾ ಅಲೆದು ತಂದ ಸೊಪ್ಪು?"

"ಚಳೀಲಿ ಬೆಚ್ಚಗಿತ್ತು."

"ಕೆಂಪಗಿದೆ ಅಂದೋರು ಮೇಷ್ಟ್ರು," ಎಂದು ಮುದ್ದಯ್ಯ ಆ ಕಡೆ ತಿರುಗಿದ. ಮೇಷ್ಟ್ರು ಮಳೆ ನೋಡುತ್ತ ನಿಂತರು.

ಗೌಡರು ರುಮಾಲು ಬಿಚ್ಚಿ, ಹಿಂಡಿ, ಮತ್ತೆ ಸುತ್ತಿಕೊಂಡು ನನ್ನ ಪಕ್ಕಕ್ಕೆ ಬಂದರು.

"ಬಂದ ದಿನ ಕೇಳಿದ್ದೆ ನಾನು," ಎಂದರು.

"ಕೇಳಿದ್ರಿ ಗೌಡ್ರೇ."

"ಅವತ್ತು ಹೇಳಿದ್ರೆ ನಾನು ಏನಂತಿದ್ನೋ. ಹೊಲ ಕೊಡ್ತಿದ್ನೋ, ಮುಂದಿನ ಊರಿಗೆ ಹೋಗು ಅಂತಿದ್ನೋ, ಈಗ ಹೆಂಗೆ ಹೇಳ್ಲಿ. ಯೋಚನೆ ಮಾಡಬೇಕಾಗಿದ್ದದ್ದು ನಾನು. ನನ್ನ ಬದಲಿಗೆ ಅದನ್ನೂ ನೀನೇ ಮಾಡಿಬಿಟ್ಟೆ."

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಈಗ ಏನಂತೀರಿ" ಎಂದು ಕೇಳಿದೆ. ದನಿ ಗೊಗ್ಗರಾಗಿತ್ತು, ಈ ಸಲ ನಿಜವಾಗಿ.

ಗೌಡರು ಮಳೆಯಾಚೆ ಕೆರೆಯ ಕಡೆ ನೋಡಿದರು. "ಏನಂತೀನಿ? ಮುಂಗಾರಿಗೆ ಮೊದಲು ಕೆಳಗಿನ ಬದು ಕಟ್ಟು, ನೀರು ಕೊಚ್ಚಿಕೊಂಡು ಹೋಗ್ತಾ ಐತೆ. ಜೇನು ಮಾತ್ರ ಇನ್ಮೇಲೆ ಕೊಡಲ್ಲ." ಎರಡು ಹೆಜ್ಜೆ ಹೋದವರು ತಿರುಗಿ, "ನಿನ್ನ ಮಾತು ನಂಬೋಕೆ ನಂಗೆ ಸ್ವಲ್ಪ ದಿನ ಹಿಡೀತದೆ. ಅದು ನಿನ್ನ ಬೆಳೆ, ನೀನೇ ಬೆಳ್ಕೋ" ಎಂದರು.

ಮಳೆ ನಿಂತ ಮೇಲೆ ಜನ ಚೆದುರಿದರು. ಕೆಂಚಮ್ಮಕ್ಕನ ಮೂಟೆಗಳನ್ನು ನಮ್ಮ ಗಾಡಿಯಲ್ಲೇ ಹೇರಿಕೊಂಡು ಆಕೆಯ ಮನೆಗೆ ಹೋದೆವು. ಮೂಟೆ ಇಳಿಸುವಾಗ ಗೋಡೆ ಕಡೆ ತಿರುಗಿದ್ದ ಪಟ ಕಂಡಿತು. ಆಕೆ ಅದರ ಕಡೆ ನೋಡದೆ ನಮಗೆ ಮಜ್ಜಿಗೆ ತಂದಿಟ್ಟು, ಹೊಸ್ತಿಲ ಮೇಲೆ ಕೂತಳು.

"ಜ್ಞಾನವ್ವ, ಆ ಕಜ್ಜಾಯ ಯಾರ ಹುಟ್ಟಿದ ದಿನದ್ದು?"

"ನಮ್ಮ ಸ್ವಾಮೀದು ಅಕ್ಕ."

"ನಿಮ್ಮವ್ವ ಯಾವ ತಿಂಗಳಲ್ಲಿ ಹುಟ್ಟಿದ್ದು ಮತ್ತೆ?"

"ನಮ್ಮವ್ವಂಗೇ ಗೊತ್ತಿರಲಿಲ್ಲ."

ಕೆಂಚಮ್ಮಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆ ಹೆಂಗಸು ಬಂದುಹೋದ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು. ನಗು ಮುಗಿದ ಮೇಲೆ ಕೇಳಿದಳು, "ಅಲ್ಲಾ ರಾಯಪ್ಪ, ಹೆದರ್ಕೊಂಡು ಹೆಸರೇ ಹೇಳದೆ ಇದ್ಯಲ್ಲ. ನಿಮ್ಮ ಸ್ವಾಮಿಗೆ ನಿನ್ನ ಮೇಲೆ ಸಿಟ್ಟು ಬರಲಿಲ್ವಾ? ನಾನಾಗಿದ್ರೆ ಮುಖಕ್ಕೆ ಹೊಟ್ಟು ಎರಚ್ತಿದ್ದೆ."

"ನಾನೂ ಹಂಗೇ ಅಂದ್ಕೊಂಡಿದ್ದೆ. ಕರೆದ ತಕ್ಷಣ ಬಂದ."

ಆಕೆ ಎದ್ದು ಒಳಗೆ ಹೋಗಿ, ಪಟವನ್ನು ಗೋಡೆಯಿಂದ ತೆಗೆದು, ಸೆರಗಿನಿಂದ ಒರೆಸಿ, ಮೂಲೆಯಲ್ಲಿ ಮುಖ ಹೊರಗೆ ಮಾಡಿ ಇಟ್ಟಳು. ಮೊದಲಿನ ಮೊಳೆಗೆ ಮಾತ್ರ ತೂಗುಹಾಕಲಿಲ್ಲ.

ನಾವು ಗಾಡಿ ಹತ್ತಿದೆವು. "ಅಲ್ಲಿಗೆ ನಿನ್ನ ಸಾಲ ತೀರಿತು ಕಣಕ್ಕ" ಎಂದೆ, ಹಗುರಾಗಿ.

"ಎಲ್ಲಿ ತೀರಿತು? ಮೂರು ಸುಗ್ಗಿ ತಗೊಂಡೆ, ಒಂದು ಕೊಟ್ಟೆ. ಇನ್ನೂ ಎರಡು ಬಾಕಿ ಐತೆ." ಆಕೆ ಬಾಗಿಲಿಗೆ ಒರಗಿ ನಿಂತು, ನಮ್ಮ ಎತ್ತು ಹೆಜ್ಜೆ ಕಿತ್ತಮೇಲೆ ಕೂಗಿ ಹೇಳಿದಳು, "ಗಂಟಲು ಜೋಪಾನ."

"ಆಗಲಿ ಅಕ್ಕ" ಎಂದೆ, ಎತ್ತುಗಳಿಗೆ ಹಾಡುವ ದನಿಯಲ್ಲೇ. ಬೀದಿಯ ಆ ಕೊನೆಯಲ್ಲಿ ಅಂಗಡಿ ಮುಚ್ಚುತ್ತಿದ್ದ ಮುದ್ದಯ್ಯ ತಿರುಗಿ ನೋಡಿದ.